ನೆಪವಿಲ್ಲದ ಪ್ರಯಾಣ

ಜಯನಗರದ ಅಥವಾ ಬನಶಂಕರಿಯ ಮಧ್ಯಮವರ್ಗದ ಮನೆಯೊಂದರಿಂದ ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರು, ಮಗಳ ಬಾಣಂತನಕ್ಕಲ್ಲ, ನಾದಿನಿಯ ಮನೆಯ ಗೃಹಪ್ರವೇಶಕ್ಕಲ್ಲ, ಹರಕೆ ತೀರಿಸುವುದಕ್ಕೂ ಅಲ್ಲ, ಸುಮ್ಮನೆ ಎರಡು ದಿವಸ ಎಲ್ಲಿಯಾದರೂ ಒಬ್ಬರೇ ಇದ್ದು ಬರಬೇಕೆಂಬ ಇಚ್ಛೆಯಿಂದ ಕೈಚೀಲ ಹಿಡಿದು ಹೊರಟರೆಂದರೆ, ಎದುರುಮನೆಯವರು ಎಲ್ಲಿಗೆ ಹೊರಟಿರಿ ಎಂದು ಕೇಳುವುದಕ್ಕೆ ಮೊದಲೇ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: "ಯಾಕ್ರೀ, ಮನೇಲಿ ಏನಾದ್ರೂ ಆಯ್ತಾ?" ಕೇಳುವವರಲ್ಲಿ ದುರುದ್ದೇಶವಿರುತ್ತದೆಂದು ನಾನು ಭಾವಿಸುವುದಿಲ್ಲ. ಹೆಂಗಸು ಹೊಸಿಲು ದಾಟುವುದಕ್ಕೆ ಕಾರಣವೊಂದಿರಬೇಕು, ಆ ಕಾರಣವು ಮತ್ತೊಬ್ಬರ ಹಿತಕ್ಕೆ ಸಂಬಂಧಪಟ್ಟದ್ದಾಗಿರಬೇಕು ಎಂಬ ನಂಬಿಕೆ ನಮ್ಮ ಲೋಕರೂಢಿಯಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕಾರಣವೇ ಇಲ್ಲದ ಪ್ರಯಾಣವನ್ನು ಕಂಡಾಗ ಲೋಕವು ತಾನೇ ಒಂದು ಕಾರಣವನ್ನು ಊಹಿಸಿಕೊಳ್ಳುತ್ತದೆ. ಆ ಊಹೆ ಬಹುಮಟ್ಟಿಗೆ ಜಗಳದ ಕಡೆಗೇ ವಾಲುತ್ತದೆ.

ಹಾಗೆಂದ ಮಾತ್ರಕ್ಕೆ ನಮ್ಮ ಪೂರ್ವಿಕರು ಸ್ತ್ರೀಯರ ವಿಶ್ರಾಂತಿಯ ವಿಷಯದಲ್ಲಿ ಕುರುಡರಾಗಿದ್ದರೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಆಷಾಢಮಾಸದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳುಹಿಸುವ ಪದ್ಧತಿಯೂ, ಉತ್ತರ ಕರ್ನಾಟಕದಲ್ಲಿ ಪಂಚಮಿಯ ಹಬ್ಬಕ್ಕೆ ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ಕರೆದುಕೊಂಡು ಹೋಗಿ, ಅವರು ಜೋಕಾಲಿಯಾಡಿ ಉಂಡಿ ತಿಂದು ನಾಲ್ಕು ದಿನ ನಿಶ್ಚಿಂತೆಯಿಂದಿದ್ದು ಮರಳುವ ವಾಡಿಕೆಯೂ ಒಂದು ಬಗೆಯ ರಜೆಯ ಏರ್ಪಾಡುಗಳೇ. ಇವೆಲ್ಲಕ್ಕಿಂತ ಪೂರ್ಣವಾದದ್ದು ಬಾಣಂತನ. ಹಸಿಮೈಯ ತಾಯಿಗೆ ಎಣ್ಣೆ ಹಚ್ಚಿ ತಿಕ್ಕಿ, ಹಂಡೆಯ ಕುದಿನೀರನ್ನು ಹದಮಾಡಿ ಚೊಂಬು ಚೊಂಬಾಗಿ ಎರೆದು, ಸಾಂಬ್ರಾಣಿಯ ಹೊಗೆಯಲ್ಲಿ ಕೂದಲನ್ನು ಆರಿಸಿ, ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದಿಸಿ ಮಲಗಿಸಿ, ಎದ್ದಾಗ ಮೆಣಸಿನ ಸಾರು ತುಪ್ಪದ ಅನ್ನವನ್ನೂ ಅಂಟಿನುಂಡೆಯನ್ನೂ ಕೈಗೆ ಕೊಡುವ ಆ ಆರೈಕೆಯ ಒಂದಂಶವನ್ನು ಇಂದು ವಿಲಾಸೀ ವಸತಿಗೃಹಗಳು ಗಂಟೆಯ ಲೆಕ್ಕದಲ್ಲಿ, ಬಿದಿರಿನ ಚಾಪೆ ಮತ್ತು ಕೊಳಲಿನ ಧ್ವನಿಮುದ್ರಣದ ಸಮೇತ, ಸಾವಿರಾರು ರೂಪಾಯಿಗೆ ಮಾರುತ್ತಿವೆ.

ಆದರೆ ಈ ರಜೆಗಳಿಗೆಲ್ಲ ಒಂದೊಂದು ಷರತ್ತಿತ್ತು. ಬಾಣಂತನದ ಸುಖಕ್ಕೆ ಹೆರಿಗೆಯ ಸಂಕಟವೇ ಮುಂಗಡ. ತವರಿನ ಸುಖಕ್ಕೆ ತಾಯಿ ಬದುಕಿರಬೇಕು. ತಾಯಿ ತೀರಿಕೊಂಡ ಮೇಲೆ ತವರು ಅಣ್ಣನ ಮನೆಯಾಗುತ್ತದೆ, ಅಲ್ಲಿಗೆ ಹೋದವಳು ಅತ್ತಿಗೆಯ ಅಡುಗೆಮನೆಯಲ್ಲಿ ಕೈಜೋಡಿಸದೆ ಕುಳಿತಿರಲಾರಳು. ಅಂದರೆ ದೇಹವೂ ಮನಸ್ಸೂ ವಿಶ್ರಾಂತಿಯನ್ನು ಅತ್ಯಂತ ತೀವ್ರವಾಗಿ ಬೇಡುವ ವಯಸ್ಸಿನಲ್ಲಿ, ಐವತ್ತರ ಸುಮಾರಿಗೆ, ಹಳೆಯ ಏರ್ಪಾಡುಗಳೆಲ್ಲ ಒಂದೊಂದಾಗಿ ಮುಗಿದುಹೋಗಿರುತ್ತವೆ. ಆಮೇಲೆ ಉಳಿಯುವುದು ದೇವರ ನೆಪವೊಂದೇ.

ಆ ನೆಪವನ್ನು ಲಘುವಾಗಿ ಕಾಣಬಾರದು. ಬನಶಂಕರಿಯ ದೇವಸ್ಥಾನಕ್ಕೆ ಮಂಗಳವಾರದ ಅಪರಾಹ್ನ ಮೂರರಿಂದ ನಾಲ್ಕೂವರೆಯವರೆಗಿನ ರಾಹುಕಾಲದಲ್ಲಿ ಹೋಗಿ ನೋಡಿರಿ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲು ಹೊರಗಾಗುವಂತೆ ಮಗುಚಿ ಬಟ್ಟಲಿನ ಆಕಾರಕ್ಕೆ ತಂದು, ಎಣ್ಣೆ ಬತ್ತಿಗಳನ್ನಿಟ್ಟು ದೀಪ ಹಚ್ಚುವ ಸ್ತ್ರೀಯರ ಸಾಲು ಅಲ್ಲಿ ಕಾಣುತ್ತದೆ. ಬೇರೆಡೆ ಶುಭಕಾರ್ಯಕ್ಕೆ ವರ್ಜ್ಯವೆನಿಸಿದ ಹೊತ್ತು ಇಲ್ಲಿ ಪೂಜೆಗೆ ಪ್ರಶಸ್ತವೆನಿಸಿದೆ. ದೀಪ ಹಚ್ಚಿದವರಲ್ಲಿ ಹಲವರು ಕೂಡಲೇ ಏಳುವುದಿಲ್ಲ. ಕಂಬಕ್ಕೆ ಒರಗಿ, ಯಾರೊಡನೆಯೂ ಮಾತನಾಡದೆ, ದೀಪವನ್ನೇ ನೋಡುತ್ತ ಕುಳಿತಿರುತ್ತಾರೆ. ಅದು ಭಕ್ತಿಯೆಂಬುದರಲ್ಲಿ ಸಂದೇಹವಿಲ್ಲ. ಮಧ್ಯಾಹ್ನದ ಪಾತ್ರೆಗಳಿಗೂ ಸಂಜೆಯ ಕಾಫಿಗೂ ನಡುವೆ, ಯಾರೂ ಆಕ್ಷೇಪಿಸಲಾಗದ ಹಕ್ಕಿನಿಂದ ಪಡೆದ ಒಂದು ಗಂಟೆಯ ಏಕಾಂತವೂ ಅದರಲ್ಲಿ ಸೇರಿದೆಯೆಂದು ನಾನು ಹೇಳಿದರೆ ತಾಯಿ ಬನಶಂಕರಿ ಮುನಿಯಲಾರಳು.

ಒಂಟಿಯಾಗಿ ಹೊರಟ ಹೆಣ್ಣಿನ ಮಾತು ಬಂದಾಗಲೆಲ್ಲ ನಮ್ಮ ಭಾಷಣಕಾರರು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯನ್ನು ಸ್ಮರಿಸುತ್ತಾರೆ. ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲದ ಕದಳೀವನಕ್ಕೂ ನಡೆದ ಆಕೆಯ ಧೈರ್ಯವು ಅಸಾಧಾರಣವಾದದ್ದು. ಆದರೆ ಅಕ್ಕ ಮನೆಯನ್ನು ತೊರೆದು ಹೋದವಳು, ಮರಳಿ ಬರಲಿಲ್ಲ. ನಾವು ಇಲ್ಲಿ ಯೋಚಿಸುತ್ತಿರುವುದು ಶನಿವಾರ ಹೋಗಿ ಸೋಮವಾರ ಬಂದು ಮತ್ತೆ ಇಡ್ಲಿಗೆ ನೆನೆಹಾಕಬೇಕಾದ ಸಂಸಾರಸ್ಥರ ವಿಷಯ. ಅವರಿಗೆ ವೈರಾಗ್ಯದ ಆದರ್ಶವನ್ನು ತೋರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದಕ್ಕಿಂತ ನಮಗೆ ಸಮೀಪದವರು ಪಂಡಿತಾ ರಮಾಬಾಯಿ. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಆಕೆ ತಂದೆತಾಯಿಗಳೊಡನೆ ಪುರಾಣಪ್ರವಚನ ಮಾಡುತ್ತ ಭರತಖಂಡದ ಉದ್ದಗಲಗಳನ್ನು ಕಾಲ್ನಡಿಗೆಯಿಂದ ಸುತ್ತಿ, ಕ್ಷಾಮದಲ್ಲಿ ಅವರನ್ನು ಕಳೆದುಕೊಂಡು, ಅಣ್ಣನೊಡನೆ ಕಲ್ಕತ್ತೆಯನ್ನು ಮುಟ್ಟಿ, ವಿಧವೆಯಾದ ಬಳಿಕ 1883ರಲ್ಲಿ ಎಳೆಯ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೂ, ಅಲ್ಲಿಂದ ಅಮೆರಿಕಕ್ಕೂ ಹೋಗಿ, 1889ರಲ್ಲಿ ತಾಯ್ನಾಡಿಗೆ ಮರಳಿದರು. ನಮ್ಮ ಕಾಲದಲ್ಲಿ ಬೆಂಗಳೂರಿನ ಎಚ್.ಎ.ಎಲ್. ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ನೇಮಿಚಂದ್ರ ಅವರು ದಕ್ಷಿಣ ಅಮೆರಿಕದ ಪೆರು ದೇಶವನ್ನು ನೋಡಿಬಂದು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪ್ರವಾಸಕಥನವನ್ನು ಬರೆದದ್ದು ಎಷ್ಟೋ ಕನ್ನಡ ಓದುಗಿತ್ತಿಯರಿಗೆ ಭೂಪಟವನ್ನು ಬಿಡಿಸಿ ನೋಡುವ ಆಸೆಯನ್ನು ಹುಟ್ಟಿಸಿತು.

ಆಸೆ ಹುಟ್ಟುವುದು ಬೇರೆ, ಬಸ್ಸಿನ ಮೆಟ್ಟಿಲು ಹತ್ತುವುದು ಬೇರೆ. ಎರಡನೆಯದಕ್ಕೆ ಕರ್ನಾಟಕದಲ್ಲಿ ದೊಡ್ಡ ಅನುಕೂಲವೊದಗಿದ್ದು 2023ರ ಜೂನ್ 11ರಂದು, ಶಕ್ತಿ ಯೋಜನೆಯು ಜಾರಿಗೆ ಬಂದಾಗ. ರಾಜ್ಯದ ನಿವಾಸಿಯಾದ ಯಾವ ಸ್ತ್ರೀಯಾದರೂ ಗುರುತಿನ ಚೀಟಿ ತೋರಿಸಿ, ಐಷಾರಾಮಿಯಲ್ಲದ ಸರ್ಕಾರಿ ಬಸ್ಸಿನಲ್ಲಿ ರಾಜ್ಯದೊಳಗೆ ಹಣ ತೆರದೆ ಸಂಚರಿಸಬಹುದು. ನಿರ್ವಾಹಕರು ಶೂನ್ಯ ದರದ ಒಂದು ಟಿಕೆಟನ್ನು ಹರಿದುಕೊಡುತ್ತಾರೆ. ರಾಜಹಂಸ, ಐರಾವತಗಳಿಗೆ ಇದು ಅನ್ವಯಿಸುವುದಿಲ್ಲ, ಸಾಮಾನ್ಯ ಬಸ್ಸುಗಳಿಗೆ ಮಾತ್ರ. 2025ರ ಜುಲೈ ತಿಂಗಳಿಗೆ ಇಂತಹ ಟಿಕೆಟುಗಳ ಸಂಖ್ಯೆ ಐನೂರು ಕೋಟಿಯನ್ನು ಮುಟ್ಟಿತು. ಯೋಜನೆಯ ಖರ್ಚುವೆಚ್ಚದ ಬಗ್ಗೆ ವಾದವಿವಾದಗಳುಂಟು; ಅವುಗಳನ್ನು ಅರ್ಥಶಾಸ್ತ್ರಜ್ಞರಿಗೆ ಬಿಡುತ್ತೇನೆ. ನನಗೆ ಮುಖ್ಯವಾಗಿ ತೋರುವುದು ಮತ್ತೊಂದು ಸಂಗತಿ: ಟಿಕೆಟಿಗೆ ದುಡ್ಡು ಬೇಕಾಗಿದ್ದ ಕಾಲದಲ್ಲಿ ಆ ದುಡ್ಡನ್ನು ಕೇಳಬೇಕಾಗಿತ್ತು, ಕೇಳುವಾಗ ಕಾರಣವನ್ನು ಹೇಳಬೇಕಾಗಿತ್ತು. ಕಾರಣ ಹೇಳಬೇಕಾದ ಆ ಒಂದು ಪ್ರಸಂಗವೇ ಇಲ್ಲದಂತಾದಾಗ ಧರ್ಮಸ್ಥಳಕ್ಕೂ ಹೊರನಾಡಿಗೂ ಹೊರಟ ಬಸ್ಸುಗಳು ತುಂಬಿಹೋದದ್ದರಲ್ಲಿ ಆಶ್ಚರ್ಯವೇನಿದೆ?

ಮನೆಯಲ್ಲಿಯೇ ವಿಶ್ರಮಿಸಬಾರದೇ, ಅದಕ್ಕಾಗಿ ಊರು ಬಿಡಬೇಕೇ ಎಂದು ಸಜ್ಜನರಾದ ಗೃಹಸ್ಥರು ಕೇಳುವುದುಂಟು. ಇದಕ್ಕೆ ಅಂಕಿಗಳಲ್ಲಿಯೇ ಉತ್ತರವಿದೆ. ಕೇಂದ್ರ ಸರ್ಕಾರವು 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದರಲ್ಲಿ ಕಳೆಯುತ್ತಾರೆ. ಪುರುಷರು ಕಳೆಯುವುದು 88 ನಿಮಿಷ. ನಿಮಿಷಗಳಲ್ಲಿ ಅಳೆಯಲಾಗದ ಕೆಲಸ ಇನ್ನೊಂದಿದೆ. ಗ್ಯಾಸಿನ ಸಿಲಿಂಡರು ಎಂದು ಮುಗಿಯುತ್ತದೆ, ಮಾವನವರ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ಉಳಿದಿದೆ, ನಾಳೆ ನೀರು ಬಿಡುವ ದಿನವೇ ಅಲ್ಲವೇ, ಹಾಲಿನವನಿಗೆ ಹೆಚ್ಚುವರಿ ಅರ್ಧ ಲೀಟರು ಹೇಳಿದ್ದೆನೇ: ಈ ಲೆಕ್ಕಾಚಾರ ಮಧ್ಯಾಹ್ನ ಮಲಗಿದವರ ತಲೆಯಲ್ಲಿಯೂ ನಿಲ್ಲದೆ ನಡೆಯುತ್ತಿರುತ್ತದೆ. ಕಚೇರಿಯ ಗುಮಾಸ್ತನಿಗೆ ಕಚೇರಿಯಲ್ಲಿಯೇ ಹಾಸಿಗೆ ಹಾಸಿಕೊಟ್ಟು ರಜೆಯನ್ನು ಅನುಭವಿಸೆಂದರೆ ಹೇಗೋ, ಗೃಹಿಣಿಗೆ ಮನೆಯಲ್ಲಿಯೇ ವಿಶ್ರಮಿಸೆಂದು ಹೇಳುವುದೂ ಹಾಗೆಯೇ.

ಇದೇ ದಕ್ಷಿಣ ಬೆಂಗಳೂರಿನಲ್ಲಿ, ಜಯನಗರದಿಂದ ಅನತಿದೂರದ ಬಿ.ಟಿ.ಎಂ. ಲೇಔಟಿನಲ್ಲಿ, ಈ ಚರ್ಚೆಯನ್ನು ಕೇಳಿ ನಗುವ ಯುವತಿಯರ ಸಮೂಹವೊಂದಿದೆ. ಕಲಬುರಗಿ, ಹುಬ್ಬಳ್ಳಿ, ಶಿವಮೊಗ್ಗಗಳಿಂದ ಉದ್ಯೋಗಕ್ಕಾಗಿ ಬಂದು, ಮೂವರಿಗೊಂದು ಕೋಣೆಯಂತಿರುವ ಪಿ.ಜಿ.ಗಳಲ್ಲಿ ವಾಸಮಾಡುತ್ತಿರುವ ಇವರಿಗೆ ಒಂಟಿ ಪ್ರಯಾಣವು ಸಾಹಸವೆನಿಸಿಲ್ಲ. ಹಬ್ಬಕ್ಕೆ ಊರಿಗೆ ಹೋಗುವುದೇ ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಒಬ್ಬರೇ. ಅವರಿಗೆ ದುರ್ಲಭವಾದದ್ದು ಏಕಾಂತ. ಮೂರು ಮಂಚಗಳ ನಡುವೆ, ಒಂದು ಸ್ನಾನದ ಮನೆಯ ಸರದಿಯಲ್ಲಿ, ದೂರವಾಣಿಯ ಮಾತನ್ನೂ ಮೆಟ್ಟಿಲ ಮೇಲೆ ನಿಂತು ಆಡಬೇಕಾದ ಬಾಳಿನಲ್ಲಿ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಎರಡು ರಾತ್ರಿಗೆ ದೊರೆತರೆ ಅದೇ ಅವರ ಪಾಲಿನ ತೀರ್ಥಯಾತ್ರೆ. ಹೀಗೆ ತಾಯಿಯ ವಯಸ್ಸಿನವರಿಗೂ ಮಗಳ ವಯಸ್ಸಿನವರಿಗೂ ಬೇಕಾದದ್ದು ಹೆಚ್ಚುಕಡಮೆ ಒಂದೇ.

ಅದನ್ನು ಎಲ್ಲಿ ಹುಡುಕಬೇಕು? ಮೊದಲು ಮನೆಯ ಹತ್ತಿರದಲ್ಲಿಯೇ ಎಂದು ನನ್ನ ಸಲಹೆ. ಊರು ಬಿಟ್ಟು ಒಬ್ಬರೇ ಹೋಗುವುದಕ್ಕೆ ಮುಂಚೆ ಊರಿನೊಳಗೆ ಒಬ್ಬರೇ ಕುಳಿತು ಅಭ್ಯಾಸವಾಗಬೇಕು. ಜೆ.ಪಿ. ನಗರದ ಎರಡನೆಯ ಹಂತದಲ್ಲಿ, ಶಂಕರನಾಗರ ನೆನಪಿಗಾಗಿ ಅರುಂಧತಿನಾಗ್ ಅವರು ಕಟ್ಟಿ ನಿಲ್ಲಿಸಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರದಲ್ಲಿ ಒಂದು ಸಂಜೆ ಒಂದೇ ಟಿಕೆಟು ಕೊಂಡು ನಾಟಕ ನೋಡುವುದು ಉತ್ತಮವಾದ ಆರಂಭ. ನಿಗದಿತ ವೇಳೆಗೆ ಅಲ್ಲಿ ಬಾಗಿಲು ಹಾಕಿಬಿಡುತ್ತಾರೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಎಲ್ಲರಿಗೂ ಬಡಿಸಿ, ಒಲೆ ಒರಸಿ, ಎಲ್ಲರಿಗಿಂತ ಕೊನೆಗೆ ಹೊರಡುವ ಅಭ್ಯಾಸವಿರುವ ಗೃಹಿಣಿಗೆ ಈ ನಿಷ್ಠುರ ನಿಯಮವು ಪರಮೋಪಕಾರಿಯೆಂದು ನನ್ನ ಅಭಿಪ್ರಾಯ. ಒಂದು ಹಗಲನ್ನು ಕಳೆಯಬಯಸುವವರಿಗೆ ಮೈಸೂರಿನ ದಾರಿಯಲ್ಲಿ, ರಾಮನಗರದ ಬಳಿ, ಎಚ್.ಎಲ್. ನಾಗೇಗೌಡರು ಸ್ಥಾಪಿಸಿದ ಜಾನಪದ ಲೋಕವಿದೆ.

ಎರಡು ಮೂರು ದಿನಗಳ ಅವಕಾಶವಿದ್ದರೆ ಸಾಗರದ ಸಮೀಪದ ಹೆಗ್ಗೋಡನ್ನು ನಾನು ಎಲ್ಲಕ್ಕಿಂತ ಮೊದಲು ಹೆಸರಿಸುತ್ತೇನೆ. ಬನಶಂಕರಿಯಲ್ಲಾಗಲಿ ಜಯನಗರದಲ್ಲಾಗಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಗಾಡಿ ಬದಲಿಸದೆ ಮೆಜೆಸ್ಟಿಕ್ಕಿಗೆ ಬರಬಹುದು. ಅಲ್ಲಿಂದ ರಾತ್ರಿ ಹೊರಡುವ ತಾಳಗುಪ್ಪದ ರೈಲು ಬೆಳಗಿನ ಹೊತ್ತಿಗೆ ಸಾಗರಕ್ಕೆ ಮುಟ್ಟಿಸುತ್ತದೆ. 1949ರಲ್ಲಿ ಹೆಗ್ಗೋಡಿನಲ್ಲಿ ಸ್ಥಾಪಿತವಾದ ರಂಗಸಂಸ್ಥೆ ನೀನಾಸಮ್, ಅದನ್ನು ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದ ಕೆ.ವಿ. ಸುಬ್ಬಣ್ಣನವರು, ಅಕ್ಟೋಬರಿನ ಸುಮಾರಿಗೆ ನಡೆದುಬಂದಿರುವ ಸಂಸ್ಕೃತಿ ಶಿಬಿರ, ಇವೆಲ್ಲ ಕನ್ನಡಿಗರಿಗೆ ಪರಿಚಿತವಾದವೇ. ಶಿಬಿರದಲ್ಲಿ ಒಂಟಿಯಾಗಿ ಬಂದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಏಕೆಂದರೆ ಅಲ್ಲಿಗೆ ಬರುವವರಲ್ಲಿ ಅನೇಕರು ಒಂಟಿಯಾಗಿಯೇ ಬಂದಿರುತ್ತಾರೆ. ತಟ್ಟೆ ಹಿಡಿದು ಊಟದ ಸರದಿಯಲ್ಲಿ ನಿಂತಾಗ ಪಕ್ಕದವರೊಡನೆ ಹಿಂದಿನ ರಾತ್ರಿಯ ನಾಟಕದ ಮಾತು ಆರಂಭವಾಗುತ್ತದೆ, ಗಂಡ ಮಕ್ಕಳ ಕುಶಲಪ್ರಶ್ನೆ ಎಷ್ಟೋ ಹೊತ್ತಿನ ಬಳಿಕ ಬಂದರೆ ಬಂದೀತು. ಸಮೀಪದ ಭೀಮನಕೋಣೆಯಲ್ಲಿ ಚರಕ ಎಂಬ ಸ್ತ್ರೀಯರ ಸಹಕಾರ ಸಂಘವು ಕೈಮಗ್ಗದ ಬಟ್ಟೆಗಳನ್ನು ಅಡಕೆಯ ಚೊಗರು ಮೊದಲಾದ ಸಹಜ ಬಣ್ಣಗಳಲ್ಲಿ ತಯಾರಿಸುತ್ತದೆ. ಇನ್ನೂ ಸ್ವಲ್ಪ ದೂರ ಹೋಗಬಲ್ಲವರಿಗೆ ಆಗುಂಬೆಯಿದೆ. ಶಂಕರನಾಗರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಅಲ್ಲಿನ ದೊಡ್ಡಮನೆಯಲ್ಲಿ, ಇಷ್ಟೇ ಕೊಡಿರೆಂದು ಕೇಳದೆ, ಬಂದವರಿಗೆ ಊಟ ಬಡಿಸಿ ಇರಗೊಟ್ಟ ಆತಿಥ್ಯವು ಬಹುಕಾಲ ನಡೆದು ಪ್ರಸಿದ್ಧವಾಯಿತು.

ದೇಹಕ್ಕೇ ಚಿಕಿತ್ಸೆ ಬೇಕೆನ್ನುವವರು ಪ್ರಕೃತಿ ಚಿಕಿತ್ಸಾಲಯಗಳಿಗೆ ಹೋಗುತ್ತಾರೆ. ಧರ್ಮಸ್ಥಳದ ಬಳಿಯ ಶಾಂತಿವನ, ತುಮಕೂರು ರಸ್ತೆಯ ಜಿಂದಾಲ್ ಸಂಸ್ಥೆ, ದಕ್ಷಿಣ ಬೆಂಗಳೂರಿಗೆ ಸಮೀಪವಾಗಿ ಜಿಗಣಿಯ ಪ್ರಶಾಂತಿ ಕುಟೀರ, ಇವುಗಳ ಹೆಸರನ್ನು ಕೇಳದವರು ವಿರಳ. ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ತೊಟ್ಟಿಸ್ನಾನ, ಉಪ್ಪಿಲ್ಲದ ಸಪ್ಪೆಯ ಊಟ, ಬೇಗ ನಿದ್ರೆ: ಇದರಲ್ಲಿ ಮಣ್ಣಿನ ಗುಣವೆಷ್ಟು, ಇನ್ನೊಬ್ಬರು ಮಾಡಿಟ್ಟ ಊಟದ ಗುಣವೆಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ವಿಪಶ್ಯನ ಧ್ಯಾನದ ಮಾರ್ಗ ಇದಕ್ಕಿಂತ ಕಠಿಣವಾದದ್ದು. ನಗರದ ಉತ್ತರದ ಅಂಚಿನಲ್ಲಿ, ದಾಸನಪುರದ ಬಳಿಯ ಆಲೂರಿನಲ್ಲಿ, ಎಸ್.ಎನ್. ಗೋಯೆಂಕರ ಪರಂಪರೆಯ ಧಮ್ಮ ಪಫುಲ್ಲ ಎಂಬ ಕೇಂದ್ರವಿದೆ. ಹತ್ತು ದಿನಗಳ ಶಿಬಿರ. ಶುಲ್ಕವಿಲ್ಲ, ಮುಗಿದ ಮೇಲೆ ಮನಬಂದಷ್ಟು ದಾನ ಕೊಡಬಹುದು. ಮೊದಲ ದಿನವೇ ಮೊಬೈಲನ್ನು ಒಪ್ಪಿಸಬೇಕು. ಬೆಳಗಿನ ನಾಲ್ಕು ಗಂಟೆಗೆ ಗಂಟೆಯ ನಾದಕ್ಕೆ ಏಳಬೇಕು, ಮಧ್ಯಾಹ್ನದ ಊಟವೇ ಕೊನೆಯ ಊಟ, ಹೊಸಬರಿಗೆ ಸಂಜೆ ಚಹಾ ಮತ್ತು ಹಣ್ಣು. ಪುಸ್ತಕವಿಲ್ಲ, ಬರವಣಿಗೆಯಿಲ್ಲ, ಪಕ್ಕದವರೊಡನೆ ಮಾತಿಲ್ಲ, ಕಣ್ಸನ್ನೆಯೂ ಕೂಡದು. ಸ್ತ್ರೀಪುರುಷರಿಗೆ ವಾಸ, ಊಟ, ಅಡ್ಡಾಡುವ ದಾರಿ ಎಲ್ಲವೂ ಪ್ರತ್ಯೇಕ. ಮೂವತ್ತು ವರ್ಷ 'ಅಮ್ಮಾ, ನನ್ನ ಟವೆಲ್ ಎಲ್ಲಿ?' ಎಂಬ ಕರೆಗೆ ಓಗೊಟ್ಟವರಿಗೆ, ಹತ್ತು ದಿನ ಯಾರೂ ತಮ್ಮನ್ನು ಕರೆಯದಿರುವುದೇ ಧ್ಯಾನಕ್ಕಿಂತ ಮೊದಲು ದೊರೆಯುವ ಫಲ. ಆದರೆ ಇದು ವಿಹಾರವಲ್ಲ. ತೀವ್ರವಾದ ಮಾನಸಿಕ ಅಸ್ವಾಸ್ಥ್ಯವುಳ್ಳವರಿಗೆ ಇದು ತಕ್ಕದ್ದಲ್ಲ. ಅರ್ಜಿಯಲ್ಲಿಯೇ ಕೇಂದ್ರದವರು ಆ ವಿಚಾರವನ್ನು ಕೇಳುತ್ತಾರೆ, ಮುಚ್ಚಿಡದೆ ಉತ್ತರಿಸಬೇಕು.

ಸ್ತ್ರೀಯರಿಗೆಂದೇ ಗುಲಾಬಿ ಬಣ್ಣದ ಜಾಹೀರಾತು ಹಾಕಿ ವಿಶ್ರಾಂತಿಯನ್ನು ಕಟ್ಟುಕಟ್ಟಾಗಿ ಮಾರುವ ರೆಸಾರ್ಟುಗಳ ವಿಷಯದಲ್ಲಿ ನನಗೆ ಅಷ್ಟೊಂದು ಆದರವಿಲ್ಲ. ಬೆಳಗ್ಗೆ ಆರಕ್ಕೆ ಯೋಗ, ಎಂಟಕ್ಕೆ ಕುಂಬಾರಿಕೆ, ಹತ್ತಕ್ಕೆ ಅಭ್ಯಂಗ ಎಂದು ವೇಳಾಪಟ್ಟಿ ಕೈಗೆ ಕೊಟ್ಟರೆ, ಮನೆಯಲ್ಲಿದ್ದ ವೇಳಾಪಟ್ಟಿಗೂ ಇದಕ್ಕೂ ವ್ಯತ್ಯಾಸ ಬಿಲ್ಲಿನಲ್ಲಿ ಮಾತ್ರ.

ಇನ್ನು ಭಯದ ವಿಷಯ. ಭಯವೆಲ್ಲ ಮನೋಕಲ್ಪಿತವೆಂದು ಹೇಳುವುದು ಸುಲಭ. ಹಾಗೆ ಹೇಳುವವರು ಸಾಮಾನ್ಯವಾಗಿ ಪುರುಷರು. ಹೊಸ ಊರಿಗೆ ಕತ್ತಲಾದ ಮೇಲೆ ತಲಪದಂತೆ ಹೊರಡುವ ವೇಳೆಯನ್ನು ಗೊತ್ತುಮಾಡಿಕೊಳ್ಳುವುದು, ಕೊಠಡಿಯನ್ನು ಮುಂಗಡವಾಗಿ ಕಾಯ್ದಿರಿಸಿ ವಸತಿಗೃಹಕ್ಕೆ ಫೋನು ಮಾಡಿ ಒಬ್ಬರೇ ಬರುವುದಾಗಿ ಸ್ಪಷ್ಟವಾಗಿ ತಿಳಿಸುವುದು, ಬಸ್ಸಿನ ಸಂಖ್ಯೆಯನ್ನು ನಂಬಿಕೆಯ ಒಬ್ಬರಿಗೆ ಹೇಳಿಡುವುದು, ಇವು ಹೇಡಿತನವಲ್ಲ, ವಿವೇಕ. ತುರ್ತಿಗೆ 112, ಸ್ತ್ರೀಯರ ಸಹಾಯವಾಣಿಗೆ 181, ರೈಲಿನಲ್ಲಿ 139 ಎಂಬ ಸಂಖ್ಯೆಗಳು ನೆನಪಿನಲ್ಲಿರಲಿ. ರೈಲ್ವೆ ರಕ್ಷಣಾ ಪಡೆಯವರು 2020ರಿಂದ 'ಮೇರಿ ಸಹೇಲಿ' ಎಂಬ ಹೆಸರಿನಲ್ಲಿ, ದೂರದ ರೈಲುಗಳಲ್ಲಿ ಒಂಟಿಯಾಗಿ ಹೊರಟ ಸ್ತ್ರೀಯರನ್ನು ಹೊರಡುವ ನಿಲ್ದಾಣದಲ್ಲಿಯೇ ಕಂಡು, ಆಸನದ ಸಂಖ್ಯೆಯನ್ನು ಬರೆದುಕೊಂಡು, ದಾರಿಯ ನಿಲ್ದಾಣಗಳ ಸಿಬ್ಬಂದಿಗೆ ತಿಳಿಸುವ ಕ್ರಮವನ್ನಿಟ್ಟುಕೊಂಡಿದ್ದಾರೆ. ಹೆಚ್ಚು ಜನಕ್ಕೆ ತಿಳಿಯದ ಸಂಗತಿಯೊಂದನ್ನೂ ಇಲ್ಲಿ ಹೇಳಬಹುದು: 1989ರ ರೈಲ್ವೆ ಕಾಯಿದೆಯ 139ನೆಯ ಪ್ರಕರಣದಂತೆ, ಟಿಕೆಟಿನ ಹಣ ತೆರದ ಪ್ರಯಾಣಿಕರನ್ನು ಗಾಡಿಯಿಂದ ಇಳಿಸಬಹುದಾದರೂ, ಪುರುಷರ ಜೊತೆಯಿಲ್ಲದ ಸ್ತ್ರೀಯನ್ನು ಆಕೆ ಹೊರಟ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದ ನಿಲ್ದಾಣ ಇವುಗಳಲ್ಲಿ ಅಲ್ಲದೆ, ಅದೂ ಹಗಲಿನಲ್ಲಲ್ಲದೆ, ಇಳಿಸಕೂಡದು.

ಕಾನೂನು ತೋರಿಸಿದ ಈ ದಾಕ್ಷಿಣ್ಯವನ್ನು ನಮ್ಮ ವಸತಿಗೃಹಗಳು ಇನ್ನೂ ಕಲಿತಿಲ್ಲ. "ಒಬ್ಬರೇನಾ ಮೇಡಂ? ಜೊತೆಗೆ ಯಾರೂ ಬಂದಿಲ್ವಾ?" ಎಂದು ಕೌಂಟರಿನಲ್ಲಿರುವಾತ ಕೇಳಿ, ಉತ್ತರ ಬಂದ ಮೇಲೆ ಒಳಗೆ ಹೋಗಿ ಯಾರನ್ನೋ ವಿಚಾರಿಸಿ, ಖಾಲಿಯಿದ್ದ ಕೋಣೆ ತುಂಬಿಹೋಗಿದೆಯೆಂದು ಹೇಳುವ ಅನುಭವ ಒಂಟಿಯಾಗಿ ಹೊರಟ ಅನೇಕರಿಗೆ ಆಗಿದೆ. ಯಾತ್ರಾಸ್ಥಳಗಳ ಕೆಲವು ಛತ್ರಗಳಲ್ಲಿ ಒಬ್ಬರೇ ಬಂದವರಿಗೆ, ಗಂಡಾಗಲಿ ಹೆಣ್ಣಾಗಲಿ, ಕೊಠಡಿಯಿಲ್ಲವೆಂಬ ನಿಯಮವೇ ಇದೆ. ಅಂಥವರು ಜೀವಕ್ಕೆ ಅಪಾಯ ಮಾಡಿಕೊಂಡಾರೆಂಬ ಭೀತಿ ಅದರ ಹಿಂದಿದೆ. ಎದುರುಮನೆಯವರ ಶಂಕೆಯೇ ಇಲ್ಲಿ ನೋಂದಣಿ ಪುಸ್ತಕದವರೆಗೂ ಬಂದು ಕುಳಿತಿದೆ. ಮುಡಿಪು ಹೊತ್ತು ಬಂದವರಿಗೆ ಎಲೆ ಹಾಕಿ ಬಡಿಸುವ ಕ್ಷೇತ್ರದಲ್ಲಿಯೇ, ಗುರುತಿನ ಚೀಟಿಯನ್ನೂ ಹಣವನ್ನೂ ಕೈಯಲ್ಲಿ ಹಿಡಿದು ನಿಂತ ತಾಯಿಯೊಬ್ಬರಿಗೆ ರಾತ್ರಿ ತಂಗಲು ಎಡೆಯಿಲ್ಲವೆನ್ನುವುದು ಅಸಂಗತವಾದ ನಡತೆ.

ಆದಕಾರಣ ಮುಜರಾಯಿ ಇಲಾಖೆಗೂ, ಕ್ಷೇತ್ರಗಳ ಧರ್ಮಾಧಿಕಾರಿಗಳಿಗೂ, ಖಾಸಗಿ ವಸತಿಗೃಹಗಳ ಒಡೆಯರಿಗೂ ನನ್ನದು ಒಂದೇ ಬಿನ್ನಹ: ಪ್ರತಿಯೊಂದು ಛತ್ರದಲ್ಲಿಯೂ ಒಂಟಿಯಾಗಿ ಬರುವ ಸ್ತ್ರೀಯರಿಗೆಂದು ಒಳಗಿನಿಂದ ಭದ್ರವಾದ ಚಿಲಕವುಳ್ಳ ಕೆಲವು ಕೊಠಡಿಗಳನ್ನು ಕಾಯ್ದಿರಿಸಿ, ಜೊತೆಗೆ ಯಾರೆಂಬ ಪ್ರಶ್ನೆಯನ್ನು ಕೇಳದಂತೆ ಕೌಂಟರಿನವರಿಗೆ ಅಪ್ಪಣೆ ಕೊಡಿರಿ. ಸಾರಿಗೆ ಸಂಸ್ಥೆಯವರು ತಾಲ್ಲೂಕು ಬಸ್ ನಿಲ್ದಾಣಗಳ ಹೆಂಗಸರ ಶೌಚಾಲಯಗಳಿಗೆ ನೀರು, ದೀಪ, ಚಿಲಕ ಈ ಮೂರನ್ನು ಒದಗಿಸಲಿ; ಪ್ರಯಾಣದ ದಿನ ಬೆಳಗಿನಿಂದ ನೀರು ಕುಡಿಯದೆ ಬಸ್ಸಿನಲ್ಲಿ ಕುಳಿತುಕೊಳ್ಳುವ ಹೆಂಗಸರು ಈ ರಾಜ್ಯದಲ್ಲಿ ಇನ್ನೂ ಇದ್ದಾರೆ.